ತೊಗರಿ ಕಟ್ಟಿಗೆಯಿಂದ ನಾರಿನ ಹಲಗೆಗಳನ್ನು ತಯಾರಿಸುವ ವಿಚಾರ

ಬೀದರ ಜಿಲ್ಲೆಯ ಹುಮನಾಬಾದ್ ಮತ್ತು ಬಸವಕಲ್ಯಾಣ ತಾಲ್ಲೂಕುಗಳಲ್ಲಿ ತೊಗರಿಯು ಮುಖ್ಯವಾದ ಬೆಳೆಗಳಲ್ಲೊಂದೆಂಬುದು ವಾಚಕರೆಲ್ಲರಿಗೂ ತಿಳಿದ ವಿಷಯವೇ ಆಗಿದೆ. ಪುಷ್ಯ ಮಾಘ ಮಾಸಗಳಲ್ಲಿ ರಾಶಿ ಮುಗಿದು ಕಾಳು ಮನೆಗೆ ಬಂದ ಬಳಿಕ ಹೊಲದ ಬದುಗಳ ಮೇಲೂ ಕಣಗಳ ಸುತ್ತಲೂ ತೊಗರಿ ಕಟ್ಟಿಗೆಯ ಬಣವೆಗಳು ಉಳಿಯುತ್ತವೆ. ಇದರಲ್ಲಿ ಒಂದು ಭಾಗವು ಒಲೆಗೆ ಹೋಗುತ್ತದೆ. ಮತ್ತೊಂದು ಭಾಗವು ಬೇಲಿ, ತಡಿಕೆ, ಬುಟ್ಟಿ, ಕಸಬರಿಗೆ ಮೊದಲಾದುವುಗಳಿಗೆ ಸಲ್ಲುತ್ತದೆ. ಅಡಿಗೆಯ ಅನಿಲವು ಹಳ್ಳಿಗಳಿಗೂ ಬಂದ ಮೇಲೆ ಒಲೆಗೆ ಬೇಕಾಗುವ ಕಟ್ಟಿಗೆಯು ಮೊದಲಿಗಿಂತ ಕಡಿಮೆಯಾಗಿದೆ. ಮಿಕ್ಕುದಕ್ಕೆ ಕೆಲವರು ಹೊಲದಲ್ಲಿಯೇ ಬೆಂಕಿಯಿಟ್ಟು ನೆಲವನ್ನು ತೆರವು ಮಾಡಿಕೊಳ್ಳುತ್ತಾರೆ. ಆರೇಳು ತಿಂಗಳ ಮಳೆ ಬಿಸಿಲುಗಳಿಂದ ಬೆಳೆದ ಪದಾರ್ಥವು ಒಂದು ಗಳಿಗೆಯಲ್ಲಿ ಹೊಗೆಯಾಗಿ ಹೋಗುವುದು.

ಈ ಕಟ್ಟಿಗೆಯನ್ನು ನಾರಾಗಿ ಬಿಡಿಸಿ, ತಕ್ಕ ಅಂಟನ್ನು ಬೆರೆಸಿ, ಬಿಸಿಯಾದ ಒತ್ತುಯಂತ್ರದಲ್ಲಿ ಒತ್ತಿದರೆ ಮರದ ಹಲಗೆಗೆ ಬದಲಾಗಿ ಉಪಯೋಗಿಸಬಹುದಾದ ಹಲಗೆಗಳು ಸಿದ್ಧವಾಗುತ್ತವೆ. ಈ ಕೈಗಾರಿಕೆಯ ಕ್ರಮವೆಂಥದು, ಅದಕ್ಕೆ ಬೇಕಾದ ಅಂಟುಗಳ ಗುಣದೋಷಗಳೇನು, ಅದರಿಂದ ರೈತನಿಗೆ ನಿಜವಾಗಿ ಲಾಭವುಂಟಾಗಬೇಕಾದರೆ ಯಾವ ಯಾವ ಅಂಶಗಳನ್ನು ಮೊದಲೇ ಆಲೋಚಿಸಬೇಕು ಎಂಬ ಸಂಗತಿಗಳನ್ನು ಈ ಲೇಖನದಲ್ಲಿ ಸಂಗ್ರಹವಾಗಿ ತಿಳಿಸಲಾಗುವುದು.

ನಾರಿನ ಹಲಗೆ ಎಂದರೇನು

ಇದರ ಮೂಲತತ್ತ್ವವು ನಮ್ಮ ರೈತರಿಗೆ ಹೊಸದಲ್ಲ. ತೊಗರಿ ಕಟ್ಟಿಗೆಯಿಂದ ಕಣಜವನ್ನು ಹೆಣೆದು, ಅದಕ್ಕೆ ಸೆಗಣಿ ಮಣ್ಣುಗಳನ್ನು ಕಲಸಿ ಬಳಿದು ಒಣಗಿಸಿ, ಅದರಲ್ಲಿ ಧಾನ್ಯ ತುಂಬುವ ಪದ್ಧತಿಯು ಈ ಸೀಮೆಯಲ್ಲಿ ಬಹು ಹಳೆಯದು. ಕಟ್ಟಿಗೆಯು ಬಲವನ್ನು ಕೊಡುತ್ತದೆ. ಬಳಿದ ಪದಾರ್ಥವು ಕಟ್ಟಿಗೆಯ ಸಂದುಗಳನ್ನು ತುಂಬಿ ಎಲ್ಲವನ್ನೂ ಒಂದಾಗಿ ಹಿಡಿಯುತ್ತದೆ. ನಾರಿನ ಹಲಗೆಯಲ್ಲಿಯೂ ಇದೇ ಕೆಲಸವು ಸೂಕ್ಷ್ಮವಾದ ರೀತಿಯಲ್ಲಿ ನಡೆಯುತ್ತದೆ. ಕಡ್ಡಿಗೆ ಬದಲಾಗಿ ಕೂದಲಿನಷ್ಟು ಸಣ್ಣದಾದ ನಾರುಗಳಿರುತ್ತವೆ. ಸೆಗಣಿ ಮಣ್ಣುಗಳಿಗೆ ಬದಲಾಗಿ ಬಿಸಿಯಿಂದ ಗಟ್ಟಿಯಾಗುವ ಅಂಟು ಇರುತ್ತದೆ.

ಮರವಾಗಲಿ, ತೊಗರಿ ಹತ್ತಿಗಳ ಕಟ್ಟಿಗೆಯಾಗಲಿ ಮುಖ್ಯವಾಗಿ ಎರಡು ಬಗೆಯ ದ್ರವ್ಯಗಳಿಂದ ಕೂಡಿರುತ್ತದೆ. ಮೊದಲನೆಯದು ಸೆಲ್ಯುಲೋಸ್ ಮತ್ತು ಅದರ ಬಳಗದ ದ್ರವ್ಯಗಳು. ಇವು ನಾರಿಗೆ ಬಿಗಿಯನ್ನು ಕೊಡುತ್ತವೆ. ಎರಡನೆಯದು ಲಿಗ್ನಿನ್, ಇದು ನಾರುಗಳನ್ನು ಒಂದಕ್ಕೊಂದು ಅಂಟಿಸಿರುವ ನೈಸರ್ಗಿಕವಾದ ರಾಳವಾಗಿದೆ. ಹಬೆಯ ಕಾವಿಗೆ ಲಿಗ್ನಿನ್ ಮೆತ್ತಗಾಗುವುದರಿಂದ ಆಗ ನಾರುಗಳನ್ನು ಮುರಿಯದೆ ಬಿಡಿಸುವುದು ಸಾಧ್ಯವಾಗುತ್ತದೆ.

ವರ್ತಕರು ಮಾರುವ ಹಲಗೆಗಳಲ್ಲಿ ಮೂರು ಜಾತಿಗಳುಂಟು. ಕಟ್ಟಿಗೆಯನ್ನು ಸಣ್ಣ ಚಕ್ಕೆಗಳಾಗಿ ಮಾಡಿ ಅಂಟಿನಿಂದ ಕೂಡಿಸಿದುದು ಚಕ್ಕೆ ಹಲಗೆ. ನಾರಾಗಿ ಬಿಡಿಸಿ ಒಣ ಸ್ಥಿತಿಯಲ್ಲಿ ಅಂಟು ಸೇರಿಸಿ ಒತ್ತಿದುದು ಮಧ್ಯಮ ಸಾಂದ್ರತೆಯ ನಾರಿನ ಹಲಗೆ. ಇದನ್ನೇ ಪೇಟೆಯಲ್ಲಿ ಎಂ.ಡಿ.ಎಫ್. ಎಂದು ಕರೆಯುತ್ತಾರೆ. ನಾರನ್ನು ನೀರಿನಲ್ಲಿ ಕದಡಿ, ಜರಡಿಯ ಮೇಲೆ ಹಾಸಿ, ನೀರನ್ನು ಹಿಂಡಿ ತೆಗೆದು ಬಲವಾಗಿ ಒತ್ತಿದುದು ಗಡಸು ಹಲಗೆ. ಈ ಮೂರನೆಯದರಲ್ಲಿ ನಾರಿನ ಸ್ವಂತ ಲಿಗ್ನಿನ್ನೇ ಬಹುಮಟ್ಟಿಗೆ ಅಂಟಿನ ಕೆಲಸವನ್ನು ಮಾಡುವುದರಿಂದ ಹೊರಗಿನ ಅಂಟು ಬೇಡವೆಂದರೂ ಸಲ್ಲುತ್ತದೆ. ಆದರೆ ನೀರಿನ ವೆಚ್ಚವೂ ಹೊಲಸು ನೀರಿನ ತೊಂದರೆಯೂ ಅಧಿಕ. ನೀರಿಗೆ ಬಡತನವಿರುವ ನಮ್ಮ ಸೀಮೆಗೆ ಮೊದಲಿನ ಎರಡೇ ತಕ್ಕವು.

ಪೂರ್ವ ಚರಿತ್ರೆ

ಬೆಳೆಯ ಶೇಷದಿಂದ ಹಲಗೆ ಮಾಡುವ ಕೆಲಸವು ಈಗ ಒಂದು ಶತಮಾನದಷ್ಟು ಹಳೆಯದಾಗಿದೆ. ಅಮೆರಿಕದ ಲೂಯಿಸಿಯಾನಾ ಪ್ರಾಂತದಲ್ಲಿ ೧೯೨೦ರ ದಶಕದ ಆದಿಭಾಗದಲ್ಲಿಯೇ ಕಬ್ಬಿನ ಸಿಪ್ಪೆಯಿಂದ ಸೆಲೊಟೆಕ್ಸ್ ಎಂಬ ಹಗುರವಾದ ಹಲಗೆಗಳನ್ನು ಮಾಡುವ ಕಾರ್ಖಾನೆಯು ಆರಂಭವಾಯಿತು. ೧೯೨೪ರಲ್ಲಿ ವಿಲಿಯಂ ಮೇಸನ್ ಎಂಬವರು ಮಿಸಿಸಿಪ್ಪಿ ಪ್ರಾಂತದ ಲಾರೆಲ್ ಪಟ್ಟಣದಲ್ಲಿ ಮರದ ಚಕ್ಕೆಗಳನ್ನು ಹಬೆಯ ಒತ್ತಡದಿಂದ ನಾರಾಗಿ ಸಿಡಿಸಿ, ಅದನ್ನು ಒತ್ತಿ ಗಡಸು ಹಲಗೆ ಮಾಡುವ ವಿಧಾನವನ್ನು ಕಂಡುಹಿಡಿದರು. ಲಿಯೊ ಬೇಕ್‌ಲ್ಯಾಂಡ್ ಎಂಬ ರಸಾಯನಶಾಸ್ತ್ರಜ್ಞರು ೧೯೦೭ರಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದ ಬಿಸಿಗೆ ಗಟ್ಟಿಯಾಗುವ ರಾಳವನ್ನು ತಯಾರಿಸಿದ್ದರು. ೧೯೩೦ರ ದಶಕದಲ್ಲಿ ಯೂರಿಯದಿಂದಾಗುವ ಅಗ್ಗವಾದ ಅಂಟು ಮರಗೆಲಸದ ಕಾರ್ಖಾನೆಗಳನ್ನು ಪ್ರವೇಶಿಸಿತು. ಮರದ ಅಭಾವವಿದ್ದ ಜರ್ಮನಿಯಲ್ಲಿ ೧೯೪೧ರಲ್ಲಿ ಬ್ರೆಮೆನ್ ನಗರದ ಕಾರ್ಖಾನೆಯೊಂದು ಚಕ್ಕೆ ಹಲಗೆಗಳ ತಯಾರಿಕೆಯನ್ನು ಪ್ರಾರಂಭಿಸಿತು. ಒಣ ಕ್ರಮದ ಮಧ್ಯಮ ಸಾಂದ್ರತೆಯ ಹಲಗೆಯು ೧೯೬೦ರ ದಶಕದ ಮಧ್ಯಭಾಗದಲ್ಲಿ ಅಮೆರಿಕದಲ್ಲಿ ಹುಟ್ಟಿತು.

ನಮ್ಮ ದೇಶದಲ್ಲಿ ಮುಂಬಯಿಯ ಮಾಟುಂಗಾದಲ್ಲಿ ೧೯೨೪ರಲ್ಲಿ ಸ್ಥಾಪಿತವಾಗಿ, ಈಗ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನ ಸಂಸ್ಥೆಯೆಂದು ಪ್ರಸಿದ್ಧವಾಗಿರುವ ಪ್ರಯೋಗಶಾಲೆಯವರು ಹತ್ತಿ ಕಟ್ಟಿಗೆಯಿಂದ ಚಕ್ಕೆ ಹಲಗೆ ಮಾಡುವ ಕ್ರಮವನ್ನು ರೂಪಿಸಿ, ನಾಗಪುರದಲ್ಲಿ ಅದರ ಪ್ರಾಯೋಗಿಕ ಯಂತ್ರಸ್ಥಾವರವನ್ನು ನಡೆಸಿದ್ದಾರೆ. ಬೆಂಗಳೂರಿನಲ್ಲಿ ೧೯೬೨ರಲ್ಲಿ ಪ್ರಾರಂಭವಾದ ಪ್ಲೈವುಡ್ ಸಂಶೋಧನ ಸಂಸ್ಥೆಯಲ್ಲಿ ಅಂಟುಗಳನ್ನು ಕುರಿತು ದಶಕಗಳ ಕಾಲ ಪ್ರಯೋಗಗಳು ನಡೆದಿವೆ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಫೀನಾಲಿಗೆ ಭಾಗಶಃ ಬದಲಾಗಿ ಉಪಯೋಗಿಸುವ ಪ್ರಯತ್ನವೂ ಅವುಗಳಲ್ಲೊಂದು. ಆದಕಾರಣ ವಿದ್ಯೆಯು ನಮಗೆ ದೂರವಾದುದಲ್ಲ. ನಮ್ಮ ಹೊಲಗಳಲ್ಲಿರುವ ಪದಾರ್ಥಕ್ಕೆ ಅದು ಹೇಗೆ ಹೊಂದುತ್ತದೆಂಬುದನ್ನು ಮಾತ್ರ ನೋಡಬೇಕಾಗಿದೆ.

ನಮ್ಮ ಸೀಮೆಯ ಕಚ್ಚಾ ಸಾಮಗ್ರಿ

ಬೀದರ ಜಿಲ್ಲೆಯಲ್ಲಿ ಅರಣ್ಯವು ಬಹಳ ಕಡಿಮೆ. ಕಪ್ಪು ನೆಲವೂ ಜಂಬಿಟ್ಟಿಗೆಯ ಕೆಂಪು ನೆಲವೂ ಕೂಡಿರುವ ಈ ಪ್ರಸ್ಥಭೂಮಿಯಲ್ಲಿ ಹಲಗೆಗಾಗಿ ಮರ ಕಡಿಯುವ ಮಾತೇ ಇಲ್ಲ. ಹೊಲದ ಶೇಷಗಳೇ ಇಲ್ಲಿಯ ಆಧಾರ. ಅವುಗಳಲ್ಲಿ ಯಾವುದು ಈ ಕೆಲಸಕ್ಕೆ ಸಲ್ಲುವುದು, ಯಾವುದು ಸಲ್ಲದು ಎಂಬುದನ್ನು ಮೊದಲು ನಿರ್ಧರಿಸಬೇಕು.

ಜೋಳದ ಕಣಿಕೆಯು ದನಗಳ ಮೇವು. ಅದನ್ನು ಯಾವ ಕಾರ್ಖಾನೆಗೂ ಮಾರಕೂಡದು. ಬರ ಬಿದ್ದ ವರ್ಷ ಕಣಿಕೆಯ ಬೆಲೆ ಏನಾಗುತ್ತದೆಂಬುದು ಎತ್ತುಗಳನ್ನು ಸಾಕಿದ ಪ್ರತಿಯೊಬ್ಬನಿಗೂ ಗೊತ್ತಿದೆ. ತೊಗರಿಯ ಹೊಟ್ಟು, ಉದ್ದು ಹೆಸರುಗಳ ಹೊಟ್ಟು, ಸೋಯಾ ಹೊಟ್ಟುಗಳೂ ದನಕರುಗಳಿಗೋ ಗೊಬ್ಬರದ ಗುಂಡಿಗೋ ಸೇರತಕ್ಕವು.

ಕಬ್ಬಿನ ಸಿಪ್ಪೆಯು ಹಲಗೆಗೆ ಉತ್ತಮವಾದುದು. ಹುಮನಾಬಾದ್ ತಾಲ್ಲೂಕಿನ ಹಳ್ಳಿಖೇಡದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯು ಸ್ಥಾಪಿತವಾದಂದಿನಿಂದ ಈ ಭಾಗದವರಿಗೆ ಸಿಪ್ಪೆಯ ರಾಶಿಗಳು ಪರಿಚಿತವಾಗಿವೆ. ಅರೆದ ಕಬ್ಬಿನ ತೂಕದಲ್ಲಿ ನೂರಕ್ಕೆ ಸುಮಾರು ೩೦ ಭಾಗ ಹಸಿ ಸಿಪ್ಪೆ ದೊರೆಯುತ್ತದೆ; ಅದರಲ್ಲಿ ಅರ್ಧದಷ್ಟು ನೀರಿರುತ್ತದೆ. ಆದರೆ ಸಿಪ್ಪೆಯನ್ನು ಸಕ್ಕರೆ ಕಾರ್ಖಾನೆಗಳು ತಮ್ಮ ಹಬೆಯ ಬಾಯ್ಲರುಗಳಿಗೂ ವಿದ್ಯುತ್ತಿನ ಉತ್ಪಾದನೆಗೂ ಉಪಯೋಗಿಸುವುದರಿಂದ ಮಿಗುವುದು ಅಲ್ಪ. ಅದರೊಳಗಿನ ಬೆಂಡು ಅಂಟನ್ನು ವ್ಯರ್ಥವಾಗಿ ಹೀರುವುದರಿಂದ ಬೆಂಡನ್ನು ಬೇರ್ಪಡಿಸುವ ಖರ್ಚೂ ಕೂಡುತ್ತದೆ. ಒದ್ದೆಯಾಗಿ ರಾಶಿ ಹಾಕಿದ ಸಿಪ್ಪೆಯು ಹುಳಿತು ಬೂಷ್ಟು ಹಿಡಿಯುವುದು. ಆ ಬೂಷ್ಟಿನ ಧೂಳನ್ನು ಉಸಿರಾಡಿದವರಿಗೆ ಶ್ವಾಸಕೋಶದ ರೋಗವೊಂದು ಬರುತ್ತದೆಂದು ವೈದ್ಯರು ಕಂಡುಕೊಂಡಿದ್ದಾರೆ.

ಉಳಿದವುಗಳಲ್ಲಿ ತೊಗರಿ ಕಟ್ಟಿಗೆಯೂ, ಇರುವಷ್ಟು ಹತ್ತಿ ಕಟ್ಟಿಗೆಯೂ ಈ ಕೆಲಸಕ್ಕೆ ಹೊಂದುತ್ತವೆ. ಇವು ಹುಲ್ಲಿನ ಜಾತಿಯವಲ್ಲ. ರಚನೆಯಲ್ಲಿ ಮರವನ್ನೇ ಹೋಲುತ್ತವೆ. ದನಗಳು ಇವನ್ನು ಮೇಯುವುದಿಲ್ಲ. ನೆಲಕ್ಕೆ ಸೇರಿಸಿದರೂ ಬೇಗ ಕೊಳೆಯುವುದಿಲ್ಲ. ಕೊಳೆಯುವ ಕಾಲದಲ್ಲಿ ಬೆಳೆಗೆ ಬೇಕಾದ ಸಾರಜನಕವನ್ನು ಸ್ವಲ್ಪ ಕಾಲ ಹಿಡಿದಿಟ್ಟುಕೊಳ್ಳುತ್ತವೆ. ತೊಗರಿಯಿಂದ ಭೂಮಿಗೆ ಆಗುವ ಉಪಕಾರವು ಮುಖ್ಯವಾಗಿ ಉದುರಿದ ಎಲೆಯಿಂದಲೂ ಬೇರಿನ ಗಂಟುಗಳಿಂದಲೂ ಆಗತಕ್ಕದ್ದು. ಕಟ್ಟಿಗೆಯನ್ನು ನೆಲದ ಮಟ್ಟಕ್ಕಿಂತ ಮೇಲೆ ಕೊಯ್ದು ಒಯ್ದರೆ ಈ ಎರಡೂ ಹೊಲದಲ್ಲಿಯೇ ಉಳಿಯುತ್ತವೆ. ಆದಾಗ್ಗೂ ಕಟ್ಟಿಗೆಯ ಜೊತೆಯಲ್ಲಿ ಸ್ವಲ್ಪಮಟ್ಟಿಗೆ ಪೊಟ್ಯಾಷ್ ಮೊದಲಾದ ಸತ್ತ್ವವು ಹೊರಗೆ ಹೋಗುವುದರಿಂದ ಅದಕ್ಕೆ ತಕ್ಕಷ್ಟು ಕೊಟ್ಟಿಗೆ ಗೊಬ್ಬರವನ್ನು ಹೊಲಕ್ಕೆ ಹಿಂತಿರುಗಿಸಬೇಕೆಂಬುದನ್ನು ಮರೆಯಕೂಡದು.

ತಯಾರಿಸುವ ಕ್ರಮ

೧. ಚಕ್ಕೆ ಮಾಡುವುದು. ಒಣಗಿದ ಕಟ್ಟಿಗೆಯನ್ನು ಚಕ್ರಕ್ಕೆ ಕತ್ತಿಗಳನ್ನು ಜೋಡಿಸಿದ ಯಂತ್ರದಲ್ಲಿ ಎರಡು ಮೂರು ಸೆಂಟಿಮೀಟರು ಉದ್ದದ ಚಕ್ಕೆಗಳಾಗಿ ಕತ್ತರಿಸುತ್ತಾರೆ. ಜರಡಿಯಾಡಿ ಮಣ್ಣು, ಧೂಳು, ಎಲೆಗಳನ್ನು ತೆಗೆಯಬೇಕು. ಮಣ್ಣು ಉಳಿದರೆ ಕತ್ತಿಗಳು ಬಹುಬೇಗ ಮೊಂಡಾಗುತ್ತವೆ.

೨. ನಾರು ಬಿಡಿಸುವುದು. ಚಕ್ಕೆಗಳನ್ನು ಮುಚ್ಚಿದ ಕಡಾಯಿಯಲ್ಲಿ ಸುಮಾರು ೧೬೦ರಿಂದ ೧೮೦ ಡಿಗ್ರಿ ಸೆಂಟಿಗ್ರೇಡು ಕಾವಿನ ಹಬೆಗೆ ಕೆಲವು ನಿಮಿಷಗಳ ಕಾಲ ಒಡ್ಡುತ್ತಾರೆ. ಲಿಗ್ನಿನ್ ಮೆತ್ತಗಾದೊಡನೆ ಚಕ್ಕೆಗಳು ಉಕ್ಕಿನ ಎರಡು ಬಿಲ್ಲೆಗಳ ನಡುವೆ ಸಾಗುತ್ತವೆ. ಬಿಲ್ಲೆಗಳಲ್ಲಿ ಬೀಸುವ ಕಲ್ಲಿನಂತೆಯೇ ಗೆರೆಗಳಿರುತ್ತವೆ. ಅಲ್ಲಿ ಚಕ್ಕೆಯು ಅರಳೆಯಂತಹ ನಾರಾಗಿ ಹೊರಬೀಳುವುದು. ಚಕ್ಕೆ ಹಲಗೆಯಾದರೆ ಈ ಹಬೆಯ ಕೆಲಸವಿಲ್ಲ. ಚಕ್ಕೆಗಳನ್ನು ಒಣಗಿಸಿ ಇನ್ನೂ ಸಣ್ಣದಾಗಿ ಪುಡಿ ಮಾಡಿದರೆ ಸಾಕು. ಆದುದರಿಂದ ಸಣ್ಣ ಬಂಡವಾಳದವರಿಗೆ ಚಕ್ಕೆ ಹಲಗೆಯೇ ಸುಲಭವಾದುದು.

೩. ಅಂಟು ಬೆರೆಸುವುದು. ಒಣ ನಾರಿನ ತೂಕಕ್ಕೆ ನೂರಕ್ಕೆ ೮ರಿಂದ ೧೨ ಭಾಗ ಯೂರಿಯದ ಅಂಟನ್ನು ತುಂತುರಾಗಿ ಸಿಂಪಡಿಸಿ ಬೆರೆಸುತ್ತಾರೆ. ನೀರು ಬೇಗ ಹೀರದಂತೆ ನೂರಕ್ಕೆ ಒಂದು ಭಾಗದಷ್ಟು ಪ್ಯಾರಾಫಿನ್ ಮೇಣವನ್ನೂ ಸೇರಿಸುತ್ತಾರೆ. ಅಂಟು ಎಲ್ಲ ನಾರುಗಳಿಗೂ ಸಮವಾಗಿ ತಗಲುವುದೇ ಇಲ್ಲಿಯ ಹದ. ಒಂದೆಡೆ ಹೆಚ್ಚಾಗಿ ಮತ್ತೊಂದೆಡೆ ಕಡಿಮೆಯಾದರೆ ಹಲಗೆಯಲ್ಲಿ ಕಲೆಗಳೂ ಪೊಳ್ಳುಗಳೂ ಉಂಟಾಗುತ್ತವೆ.

೪. ಒಣಗಿಸಿ ಹಾಸುವುದು. ಅಂಟು ಬೆರೆತ ನಾರನ್ನು ಬಿಸಿ ಗಾಳಿಯ ಕೊಳವೆಯಲ್ಲಿ ಕ್ಷಣಮಾತ್ರ ಹಾಯಿಸಿ, ತೇವವನ್ನು ನೂರಕ್ಕೆ ೮ರಿಂದ ೧೨ ಭಾಗಕ್ಕೆ ತರುತ್ತಾರೆ. ಬಳಿಕ ಅದನ್ನು ಸಮವಾದ ದಪ್ಪಕ್ಕೆ ಹಾಸಿಗೆಯಂತೆ ಹರಡಿ ತಣ್ಣಗೆ ಒಮ್ಮೆ ಒತ್ತುತ್ತಾರೆ.

೫. ಬಿಸಿಯಾಗಿ ಒತ್ತುವುದು. ಸುಮಾರು ೧೮೦ರಿಂದ ೨೦೦ ಡಿಗ್ರಿ ಕಾದ ಲೋಹದ ಫಲಕಗಳ ನಡುವೆ, ಚದರ ಸೆಂಟಿಮೀಟರಿಗೆ ೨೫ರಿಂದ ೩೫ ಕಿಲೋ ಒತ್ತಡದಲ್ಲಿ ಕೆಲವು ನಿಮಿಷ ಒತ್ತಿದರೆ ಅಂಟು ಗಟ್ಟಿಯಾಗಿ ಹಲಗೆಯು ಸಿದ್ಧವಾಗುತ್ತದೆ. ನಾರಿನಲ್ಲಿ ತೇವ ಹೆಚ್ಚಾಗಿದ್ದರೆ ಯಂತ್ರವನ್ನು ತೆರೆದ ಕೂಡಲೇ ಒಳಗಿನ ಹಬೆಯು ಹಲಗೆಯನ್ನು ಸೀಳಿಕೊಂಡು ಹೊರಬರುವುದು. ತೇವ ತೀರ ಕಡಿಮೆಯಾದರೆ ನಡುವಿನ ಭಾಗಕ್ಕೆ ಕಾವು ತಲಪದೆ ಅಂಟು ಹಸಿಯಾಗಿಯೇ ಉಳಿಯುವುದು.

೬. ಕೊನೆಯ ಕೆಲಸ. ಹಲಗೆಗಳನ್ನು ಆರಿಸಿ, ಅಂಚುಗಳನ್ನು ಕತ್ತರಿಸಿ, ಉಜ್ಜು ಕಾಗದದಿಂದ ಮೈಯನ್ನು ನುಣುಪು ಮಾಡುತ್ತಾರೆ. ಚಕ್ಕೆ ಹಲಗೆಗೆ ಐ.ಎಸ್. ೩೦೮೭ ಎಂಬುದೂ, ಮಧ್ಯಮ ಸಾಂದ್ರತೆಯ ನಾರಿನ ಹಲಗೆಗೆ ಐ.ಎಸ್. ೧೨೪೦೬ ಎಂಬುದೂ ಭಾರತೀಯ ಮಾನಕಗಳಾಗಿರುತ್ತವೆ. ಬಾಗುವ ಬಲ, ತಿರುಪು ಮೊಳೆಯನ್ನು ಹಿಡಿಯುವ ಶಕ್ತಿ, ನೀರಿನಲ್ಲಿ ನೆನೆದಾಗ ಉಬ್ಬುವ ಪ್ರಮಾಣ ಇವೇ ಮೊದಲಾದುವನ್ನು ಆ ಮಾನಕಗಳಂತೆ ಪರೀಕ್ಷಿಸಬೇಕು.

ಅಂಟುಗಳ ವಿಚಾರ

ಹಲಗೆಯ ಗುಣವನ್ನೂ ಬೆಲೆಯನ್ನೂ ಬಹುಮಟ್ಟಿಗೆ ನಿರ್ಣಯಿಸುವುದು ಅಂಟೇ ಆಗಿದೆ. ಕಟ್ಟಿಗೆಯು ತೂಕದಲ್ಲಿ ಹತ್ತು ಪಾಲಾದರೆ ಅಂಟು ಒಂದು ಪಾಲು ಮಾತ್ರವೇ ಇರುವುದು. ಖರ್ಚಿನಲ್ಲಿ ಆ ಒಂದು ಪಾಲು ಕಟ್ಟಿಗೆಯ ಸಮಕ್ಕೆ ಬಂದರೂ ಬರಬಹುದು. ಆದಕಾರಣ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯಕವಾಗಿದೆ.

ಹಳೆಯ ಕಾಲದ ಅಂಟುಗಳು. ಚರ್ಮ ಮೂಳೆಗಳನ್ನು ಕುದಿಸಿ ಮಾಡಿದ ಸರೇಸನ್ನು ಬಡಗಿಗಳು ಬಲ್ಲರು. ಕಂಬಳಿ ನೇಯುವವರು ಹುಣಸೆ ಬೀಜದ ಗಂಜಿಯನ್ನು ನೂಲಿಗೆ ಹಾಕುತ್ತಾರೆ. ಹಾಲಿನ ಕೇಸೀನಿಗೆ ಸುಣ್ಣವನ್ನು ಸೇರಿಸಿ ಮಾಡಿದ ಅಂಟು ಮರಕ್ಕೆ ಚೆನ್ನಾಗಿ ಹಿಡಿಯುತ್ತದೆ. ಇವೆಲ್ಲವೂ ನಿರಪಾಯಕರವಾದರೂ ತೇವಕ್ಕೆ ಸಡಿಲವಾಗುತ್ತವೆ. ಬೂಷ್ಟೂ ಹುಳುವೂ ಇವನ್ನು ಬಿಡವು.

ಯೂರಿಯ ಫಾರ್ಮಾಲ್ಡಿಹೈಡ್. ರೈತರು ಹೊಲಕ್ಕೆ ಹಾಕುವ ಯೂರಿಯವೇ ಇದರ ಒಂದು ಅಂಗ. ಇದು ಅಗ್ಗ, ಬಣ್ಣವಿಲ್ಲದುದು, ಬೇಗ ಗಟ್ಟಿಯಾಗುವುದು. ಲೋಕದಲ್ಲಿ ಒಳಮನೆಯ ಪೀಠೋಪಕರಣಗಳಿಗಾಗಿ ತಯಾರಾಗುವ ಹಲಗೆಗಳಲ್ಲಿ ಬಹುಪಾಲು ಈ ಅಂಟಿನವೇ. ಇದಕ್ಕೆ ಎರಡು ದೋಷಗಳು. ನೀರೂ ಸೆಕೆಯೂ ಕೂಡಿದಲ್ಲಿ ಇದರ ಬಂಧವು ಕಳಚುತ್ತದೆ. ಹಲಗೆಯಿಂದ ಫಾರ್ಮಾಲ್ಡಿಹೈಡ್ ಎಂಬ ತೀಕ್ಷ್ಣವಾದ ಅನಿಲವು ಬಹುಕಾಲದವರೆಗೆ ಸ್ವಲ್ಪಸ್ವಲ್ಪವಾಗಿ ಹೊರಸೂಸುತ್ತದೆ. ಮೆಲಮೀನ್ ಎಂಬ ದ್ರವ್ಯವನ್ನು ಸೇರಿಸಿದರೆ ಮೊದಲನೆಯ ದೋಷವು ತಗ್ಗುವುದು, ಬೆಲೆಯು ಏರುವುದು.

ಫೀನಾಲ್ ಫಾರ್ಮಾಲ್ಡಿಹೈಡ್. ಇದು ಕಪ್ಪು ಕೆಂಪು ಬಣ್ಣದ್ದು. ಮಳೆ ಬಿಸಿಲುಗಳಿಗೂ ಕುದಿಯುವ ನೀರಿಗೂ ಜಗ್ಗದು. ಅನಿಲವನ್ನೂ ಬಹಳ ಕಡಿಮೆ ಬಿಡುತ್ತದೆ. ಆದರೆ ಬೆಲೆ ಹೆಚ್ಚು. ಗಟ್ಟಿಯಾಗಲು ಹೆಚ್ಚು ಕಾವೂ ಕಾಲವೂ ಬೇಕು.

ಐಸೊಸಯನೇಟ್. ನೂರಕ್ಕೆ ೨ರಿಂದ ೪ ಭಾಗದಷ್ಟಿದ್ದರೂ ಸಾಕಾಗುವುದು. ಇದರಲ್ಲಿ ಫಾರ್ಮಾಲ್ಡಿಹೈಡ್ ಇಲ್ಲ. ಮೈಮೇಲೆ ಮೇಣದ ಪದರವಿರುವ ಭತ್ತ ಗೋಧಿಗಳ ಹುಲ್ಲಿಗೂ ಇದು ಹಿಡಿಯುತ್ತದೆ. ಯೂರಿಯದ ಅಂಟು ಅದಕ್ಕೆ ಸರಿಯಾಗಿ ಹಿಡಿಯದು. ಗಟ್ಟಿಯಾಗುವ ಮೊದಲು ಇದರ ಆವಿಯು ಉಸಿರಿಗೆ ಬಹಳ ಅಪಾಯಕರ. ಒತ್ತುಯಂತ್ರದ ಫಲಕಗಳಿಗೂ ಇದು ಅಂಟಿಕೊಳ್ಳುತ್ತದೆ. ಆದುದರಿಂದ ನುರಿತ ಕೆಲಸಗಾರರಿಲ್ಲದ ಕಡೆ ಇದನ್ನು ಉಪಯೋಗಿಸಕೂಡದು.

ಸೋಯಾ ಅವರೆಯ ಅಂಟು. ಇದು ನಮ್ಮ ಜಿಲ್ಲೆಯವರು ವಿಶೇಷವಾಗಿ ಗಮನಿಸತಕ್ಕ ಸಂಗತಿ. ಎಣ್ಣೆ ತೆಗೆದ ಸೋಯಾ ಹಿಟ್ಟಿನಲ್ಲಿ ಅರ್ಧದಷ್ಟು ಪ್ರೋಟೀನು ಇರುತ್ತದೆ. ಇದನ್ನು ಕ್ಷಾರದೊಡನೆ ಕಲಸಿ ಮಾಡಿದ ಅಂಟಿನಿಂದಲೇ ಅಮೆರಿಕದಲ್ಲಿ ೧೯೨೦ರ ದಶಕದ ಕೊನೆಯಿಂದ ಹಲವು ವರ್ಷಗಳ ಕಾಲ ಪ್ಲೈವುಡ್ ಹಲಗೆಗಳು ತಯಾರಾದವು. ಯೂರಿಯದ ಅಂಟು ಅಗ್ಗವಾದ ಮೇಲೆ ಅದು ಹಿಂದೆ ಬಿತ್ತು. ಸಮುದ್ರದ ಬಂಡೆಗಳಿಗೆ ಕಚ್ಚಿಕೊಂಡಿರುವ ಮಳಿಯೆಂಬ ಚಿಪ್ಪಿನ ಜೀವಿಯು ನೀರಿನೊಳಗೂ ಹೇಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆಂಬುದನ್ನು ಪರಿಶೀಲಿಸಿ, ಆರಿಗನ್ ಪ್ರಾಂತದ ವಿಶ್ವವಿದ್ಯಾನಿಲಯದ ಸಂಶೋಧಕರು ಈ ಶತಮಾನದ ಮೊದಲ ವರ್ಷಗಳಲ್ಲಿ ಸೋಯಾ ಅಂಟನ್ನು ನೀರಿಗೆ ನಿಲ್ಲುವಂತೆ ಸುಧಾರಿಸಿದರು. ಅಂದಿನಿಂದ ಅದು ಪುನಃ ಕಾರ್ಖಾನೆಗಳಲ್ಲಿ ಬಳಕೆಗೆ ಬಂದಿದೆ. ಬೀದರ ಜಿಲ್ಲೆಯಲ್ಲಿ ಮುಂಗಾರಿನಲ್ಲಿ ಸೋಯಾ ಅವರೆಯು ವಿಸ್ತಾರವಾಗಿ ಬೆಳೆಯುತ್ತದೆ. ಕಟ್ಟಿಗೆಯೂ ಅಂಟೂ ಒಂದೇ ಸೀಮೆಯ ಹೊಲಗಳಿಂದ ಬರಬಹುದಾದ ಅನುಕೂಲವು ಎಲ್ಲ ಕಡೆಯೂ ದೊರೆಯತಕ್ಕದ್ದಲ್ಲ. ಹಾಗಿದ್ದಾಗ್ಗೂ ಸೋಯಾ ಹಿಂಡಿಯು ಕೋಳಿ ದನಗಳ ಆಹಾರವಾಗಿ ಒಳ್ಳೆಯ ಬೆಲೆಗೆ ಮಾರುವುದರಿಂದಲೂ, ನೀರಿಗೆ ನಿಲ್ಲಬೇಕಾದರೆ ಬೇರೊಂದು ರಾಳವನ್ನು ಕೂಡಿಸಬೇಕಾದುದರಿಂದಲೂ ಇದು ಯೂರಿಯದ ಅಂಟಿಗಿಂತ ದುಬಾರಿಯಾಗುತ್ತದೆಂಬುದನ್ನು ಮುಚ್ಚಿಡಬಾರದು.

ಆರೋಗ್ಯದ ಎಚ್ಚರಿಕೆ

ಫಾರ್ಮಾಲ್ಡಿಹೈಡ್ ಅನಿಲವು ಕಣ್ಣು ಮೂಗುಗಳನ್ನು ಉರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯು ೨೦೦೪ರಲ್ಲಿ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ವರ್ಗಕ್ಕೆ ಸೇರಿಸಿತು. ಈ ಅನಿಲವನ್ನು ಕಡಿಮೆ ಸೂಸುವ ಹಲಗೆಗಳಿಗೆ ಈ-೧ ಎಂಬ ಗುರುತು ಉಂಟು. ೧೦೦ ಗ್ರಾಂ ಒಣ ಹಲಗೆಯಲ್ಲಿ ೮ ಮಿಲಿಗ್ರಾಮಿಗಿಂತ ಹೆಚ್ಚು ಇರಕೂಡದೆಂಬುದು ಅದರ ಅರ್ಥ. ಹಲಗೆಯನ್ನು ಕೊಳ್ಳುವವರು ಈ ಗುರುತನ್ನು ಕೇಳಿ ಕೊಳ್ಳತಕ್ಕದ್ದು. ಕತ್ತರಿಸಿದ ಅಂಚುಗಳಿಗೆ ಬಣ್ಣವನ್ನೋ ಪಟ್ಟಿಯನ್ನೋ ಹಚ್ಚಿ ಮುಚ್ಚಿದರೆ ಅನಿಲವೂ ತೇವದ ಬಾಧೆಯೂ ಕಡಿಮೆಯಾಗುತ್ತವೆ.

ಈ ಹಲಗೆಗಳ ತುಂಡುಗಳನ್ನು ಅಡಿಗೆಯ ಒಲೆಯಲ್ಲಾಗಲಿ ನೀರು ಕಾಯಿಸುವ ಹಂಡೆಯ ಒಲೆಯಲ್ಲಾಗಲಿ ಉರಿಸಲೇಕೂಡದು. ಬರಿಯ ಕಟ್ಟಿಗೆಯ ಹೊಗೆಗಿಂತ ಅಂಟಿನ ಹೊಗೆಯು ಬಹಳ ಕೆಟ್ಟದ್ದು. ಹಲಗೆಗಳನ್ನು ಕೊಯ್ಯುವ ಬಡಗಿಗಳು ಮೂಗು ಬಾಯಿಗಳಿಗೆ ತಕ್ಕ ಮುಸುಕನ್ನು ಧರಿಸಬೇಕು. ಕಾರ್ಖಾನೆಗಳಲ್ಲಿ ನಾರಿನ ಸೂಕ್ಷ್ಮವಾದ ಧೂಳು ಗಾಳಿಯಲ್ಲಿ ತುಂಬಿಕೊಂಡಾಗ ಒಂದು ಕಿಡಿ ಬಿದ್ದರೂ ಸಿಡಿಯುವುದುಂಟು. ಆದಕಾರಣ ಧೂಳನ್ನು ಹೀರಿ ತೆಗೆಯುವ ಏರ್ಪಾಡಿಲ್ಲದೆ ಯಂತ್ರಗಳನ್ನು ನಡೆಸಬಾರದು.

ಒಂದು ಲೆಕ್ಕ

ಈಗ ಲಾಭನಷ್ಟಗಳನ್ನು ತೂಗಿ ನೋಡೋಣ. ೮ ಅಡಿ ಉದ್ದ, ೪ ಅಡಿ ಅಗಲ, ೧೨ ಮಿಲಿಮೀಟರು ದಪ್ಪದ ಹಲಗೆಯೊಂದನ್ನು ತೆಗೆದುಕೊಂಡರೆ, ಘನ ಮೀಟರಿಗೆ ೭೦೦ ಕಿಲೋ ಸಾಂದ್ರತೆಯಂತೆ ಅದರ ತೂಕ ಸುಮಾರು ೨೫ ಕಿಲೋ ಆಗುತ್ತದೆ. ಇದರಲ್ಲಿ ಒಣ ನಾರು ೨೧ರಿಂದ ೨೨ ಕಿಲೋ, ಒಣ ಅಂಟು ಒಂದು ಮುಕ್ಕಾಲು ಕಿಲೋ, ಉಳಿದುದು ಮೇಣ ಮತ್ತು ತೇವ. ಧೂಳು, ಸಿಪ್ಪೆ, ಅಂಚುಗಳ ನಷ್ಟವನ್ನು ಕೂಡಿಸಿದರೆ ಹಲಗೆಯೊಂದಕ್ಕೆ ಬಿಸಿಲಿನಲ್ಲಿ ಒಣಗಿದ ಕಟ್ಟಿಗೆಯು ಸುಮಾರು ೩೦ ಕಿಲೋ ಬೇಕಾಗುವುದು. ಅಂದರೆ ಒಂದು ಟನ್ ಕಟ್ಟಿಗೆಯಿಂದ ೩೩ ಹಲಗೆಗಳು.

ದಿನಕ್ಕೆ ೪೦೦ ಹಲಗೆಗಳನ್ನು ಮಾಡುವ ಸಣ್ಣ ಕಾರ್ಖಾನೆಯೊಂದಕ್ಕೆ ದಿನಕ್ಕೆ ೧೨ ಟನ್, ವರ್ಷದಲ್ಲಿ ೩೦೦ ದಿನಗಳಿಗೆ ೩,೬೦೦ ಟನ್ ಕಟ್ಟಿಗೆ ಬೇಕು. ಎಕರೆಗೆ ಒಂದು ಟನ್ ಕಟ್ಟಿಗೆ ಬರುವುದೆಂದೂ, ಮನೆಯ ಬಳಕೆಗೆ ಕಳೆದು ಅದರಲ್ಲಿ ಮೂರನೆಯ ಒಂದು ಪಾಲು ಮಾತ್ರವೇ ಮಾರಾಟಕ್ಕೆ ದೊರೆಯುವುದೆಂದೂ ಇಟ್ಟುಕೊಂಡರೆ ೧೦,೮೦೦ ಎಕರೆ ತೊಗರಿಯು ಅವಶ್ಯಕ. ನೆಲದಲ್ಲಿ ಕಾಲು ಭಾಗ ತೊಗರಿಯಿರುವುದಾದರೆ ಕಾರ್ಖಾನೆಯ ಸುತ್ತ ಏಳೂವರೆ ಕಿಲೋಮೀಟರಿನ ವರ್ತುಲವು ಇದನ್ನು ಒದಗಿಸುತ್ತದೆ. ಇದಕ್ಕೆ ಹತ್ತು ಪಟ್ಟು ದೊಡ್ಡದಾದ ಕಾರ್ಖಾನೆಯನ್ನು ಹುಮನಾಬಾದಿನಲ್ಲಿ ಇಟ್ಟರೆ ಅದರ ವರ್ತುಲವು ಸುಮಾರು ೨೪ ಕಿಲೋಮೀಟರಿಗೆ ಹಬ್ಬಿ ಬಸವಕಲ್ಯಾಣದ ಊರನ್ನೇ ಮುಟ್ಟುವುದು. ಆಗ ಸಾಗಾಣಿಕೆಯ ಖರ್ಚು ಎಷ್ಟಾಗಬಹುದೆಂಬುದನ್ನು ವಾಚಕರೇ ಊಹಿಸಬಹುದು. ಏಕೆಂದರೆ ತೊಗರಿ ಕಟ್ಟಿಗೆಯು ತೂಕಕ್ಕಿಂತ ಜಾಗವನ್ನು ಹೆಚ್ಚಾಗಿ ಹಿಡಿಯುವ ಸರಕು. ಸಡಿಲವಾಗಿ ಪೇರಿಸಿದ ಒಂದು ಘನ ಮೀಟರು ಕಟ್ಟಿಗೆಯು ೧೦೦ ಕಿಲೋ ತೂಗುವುದೂ ಅಪರೂಪ. ಹತ್ತು ಟನ್ ಹೊರಬಲ್ಲ ಲಾರಿಯು ಅದರ ಕಾಲು ಭಾಗದಷ್ಟನ್ನು ಹೊತ್ತು ತುಂಬಿದಂತೆ ಕಾಣುವುದು. ಬಾಡಿಗೆಯನ್ನಾದರೋ ಪೂರ್ತಿಯಾಗಿ ಕೊಡಬೇಕು. ಕಟ್ಟಿಗೆಯನ್ನು ಹೊಲದಲ್ಲಿಯೇ ಚಕ್ಕೆ ಮಾಡಿ ತುಂಬಿದರೆ ಅದೇ ಲಾರಿಯಲ್ಲಿ ಸುಮಾರು ಎರಡು ಪಟ್ಟು ಹೋಗುತ್ತದೆ.

ಹುಮನಾಬಾದು ಪುಣೆ ಹೈದರಾಬಾದುಗಳ ನಡುವಣ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಬಸವಕಲ್ಯಾಣದವರೂ ಸಸ್ತಾಪುರ ಬಂಗ್ಲಾದಲ್ಲಿ ಅದೇ ಹೆದ್ದಾರಿಯನ್ನು ಕೂಡಿಕೊಳ್ಳುತ್ತಾರೆ. ಹುಮನಾಬಾದಿನಲ್ಲಿ ಕೈಗಾರಿಕಾ ಪ್ರದೇಶವಿದೆ; ಬೀದರ ಕಲಬುರಗಿ ರೈಲುಮಾರ್ಗವು ೨೦೧೭ರಲ್ಲಿ ತೆರೆದ ಮೇಲೆ ಸಿದ್ಧವಾದ ಸರಕನ್ನು ದೂರಕ್ಕೆ ಕಳುಹಿಸುವ ಅನುಕೂಲವೂ ಇದೆ. ಹಲಗೆಯಾದ ಮೇಲೆ ಅದು ಎಷ್ಟು ದೂರ ಹೋದರೂ ಬಾಡಿಗೆಯನ್ನು ತಾಳಿಕೊಳ್ಳುತ್ತದೆ, ಕಟ್ಟಿಗೆಯಾಗಿರುವಾಗ ತಾಳಿಕೊಳ್ಳಲಾರದು.

ರೈತರು ಮಾಡತಕ್ಕ ಕೆಲಸ

೧. ಕಟ್ಟಿಗೆಯನ್ನು ಬೇರುಸಹಿತ ಕೀಳದೆ ನೆಲದಿಂದ ನಾಲ್ಕು ಬೆರಳು ಮೇಲೆ ಕೊಯ್ಯಬೇಕು. ಮಣ್ಣು ಹತ್ತಿದ ಕಟ್ಟಿಗೆಯ ಬೆಲೆ ತಗ್ಗುತ್ತದೆ. ಸೊರಗು ರೋಗದಿಂದ ಸತ್ತ ಗಿಡಗಳನ್ನು ಮಾತ್ರ ಬೇರುಸಹಿತ ಕಿತ್ತು ಬೇರೆಯಾಗಿ ನಾಶ ಮಾಡಬೇಕು. ಅವನ್ನು ಕಟ್ಟಿನಲ್ಲಿ ಸೇರಿಸಕೂಡದು.

೨. ಹತ್ತಿ ಕಟ್ಟಿಗೆಯಿದ್ದಲ್ಲಿ ಕೊನೆಯ ಬಿಡಿಸುವಿಕೆ ಮುಗಿದ ಕೂಡಲೇ ಬೇರು ಸಮೇತ ತೆಗೆದು, ಬುಡದ ಮಣ್ಣನ್ನು ಕೊಡವಿ, ತಡಮಾಡದೆ ಚಕ್ಕೆ ಮಾಡಬೇಕು. ಬಣವೆಯಾಗಿಟ್ಟರೆ ಉಳಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕದ ಹುಳುಗಳು ಅಡಗಿದ್ದು ಮುಂದಿನ ಬೆಳೆಗೆ ಬೀಳುತ್ತವೆ.

೩. ಕಟ್ಟಿಗೆಯನ್ನು ಎರಡು ಮೂರು ವಾರ ಬಿಸಿಲಿನಲ್ಲಿ ಒಣಗಿಸಿ, ಕಲ್ಲಿನ ಅಟ್ಟಣೆಯ ಮೇಲೆ ಗಾಳಿಯಾಡುವಂತೆ ಒಟ್ಟಿ, ಮಳೆಗಾಲಕ್ಕೆ ಮೊದಲು ಮುಚ್ಚಿಗೆಯನ್ನು ಹಾಕಬೇಕು. ನೆಲಕ್ಕೆ ತಾಗಿದ ಕಟ್ಟಿಗೆಯನ್ನು ಗೆದ್ದಲು ಬಿಡದು. ಬಣವೆಗಳ ನಡುವೆ ಬೆಂಕಿ ದಾಟದಷ್ಟು ಅಂತರವಿರಬೇಕು.

೪. ಮಾರಾಟವು ಒಣ ತೂಕದ ಮೇಲೆ ನಡೆಯುವಂತೆ ಮೊದಲೇ ಕರಾರು ಮಾಡಿಕೊಳ್ಳಬೇಕು. ತೇವವನ್ನು ತಿಳಿಯುವುದು ಕಷ್ಟವಲ್ಲ. ಒಂದು ಕಿಲೋ ಚಕ್ಕೆಯನ್ನು ತೂಗಿ, ತೂಕವು ಮತ್ತೆ ಇಳಿಯದವರೆಗೆ ಕಾವಿನಲ್ಲಿ ಒಣಗಿಸಿ ಮರಳಿ ತೂಗಿದರೆ ಕಳೆದುಹೋದುದೆಷ್ಟೋ ಅಷ್ಟು ನೀರು. ಇದರಿಂದ ಒಣಗಿಸಿ ತಂದವನಿಗೆ ನ್ಯಾಯವಾದ ಬೆಲೆ ದೊರೆಯುವುದು. ಕೊಳ್ಳುವವನಿಗೂ ನೀರಿಗೆ ಹಣ ತೆರುವ ಪ್ರಸಂಗವಿರದು.

೫. ಒತ್ತುಯಂತ್ರವನ್ನು ಕೊಳ್ಳುವ ಆತುರ ಬೇಡ. ಅದು ದೊಡ್ಡ ಬಂಡವಾಳದ ಕೆಲಸ. ಹಳ್ಳಿಯ ಹತ್ತು ಹದಿನೈದು ಮಂದಿ ರೈತರು ಸಹಕಾರಿ ಸಂಘವಾಗಿ ಕೂಡಿ ಟ್ರ್ಯಾಕ್ಟರಿನಿಂದ ನಡೆಯುವ ಚಕ್ಕೆಯಂತ್ರವೊಂದನ್ನು ಇಟ್ಟುಕೊಳ್ಳುವುದು ಮೊದಲ ಮೆಟ್ಟಿಲು. ಹಲಗೆಯ ಕಾರ್ಖಾನೆಯು ಹತ್ತಿರದಲ್ಲಿಲ್ಲದಿದ್ದರೂ ಚಕ್ಕೆಯು ವ್ಯರ್ಥವಾಗದು. ಬಾಯ್ಲರುಗಳಿಗೆ ಉರುವಲಾಗಿ, ತೋಟದಲ್ಲಿ ನೆಲದ ಹೊದಿಕೆಯಾಗಿ, ಸೆಗಣಿಯೊಡನೆ ಗುಂಡಿಗೆ ಸೇರಿ ಗೊಬ್ಬರವಾಗಿ ಅದು ಸಲ್ಲುತ್ತದೆ. ಹೀಗೆ ಒಂದು ದಾರಿ ಮುಚ್ಚಿದರೆ ಮತ್ತೊಂದು ತೆರೆದಿರುವುದರಿಂದ ಸಂಘಕ್ಕೆ ನಷ್ಟದ ಭಯವು ಕಡಿಮೆ.

೬. ಕಾರ್ಖಾನೆಯನ್ನು ಸ್ಥಾಪಿಸಲು ಯಾರಾದರೂ ಮುಂದೆ ಬಂದಲ್ಲಿ ಸಂಘದವರು ನಾಲ್ಕು ಸಂಗತಿಗಳನ್ನು ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳತಕ್ಕದ್ದು: ಯಾವ ಅಂಟನ್ನು ಉಪಯೋಗಿಸುವರು, ಅದರ ಅನಿಲಕ್ಕೂ ಧೂಳಿಗೂ ಹೊಲಸು ನೀರಿಗೂ ಏನು ಏರ್ಪಾಡು ಮಾಡುವರು, ಕಟ್ಟಿಗೆಯ ಬೆಲೆಯನ್ನು ಎಷ್ಟು ವರ್ಷಗಳವರೆಗೆ ನಿಶ್ಚಯಿಸುವರು, ಹಣವನ್ನು ಎಷ್ಟು ದಿನಗಳಲ್ಲಿ ಸಲ್ಲಿಸುವರು.

ಈ ಹಲಗೆಗಳನ್ನು ಸ್ವತಃ ಉಪಯೋಗಿಸುವ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ಕಪಾಟು, ಮೇಜು, ಶಾಲೆಯ ಹಲಗೆ, ಒಳಗೋಡೆಯ ಮರೆ ಇವುಗಳಿಗೆ ಇವು ಚೆನ್ನಾಗಿ ಸಲ್ಲುತ್ತವೆ. ಬಚ್ಚಲಿಗೂ ದನದ ಕೊಟ್ಟಿಗೆಗೂ ಮಾಡಿನ ಭಾರವನ್ನು ಹೊರುವ ಕೆಲಸಕ್ಕೂ ಯೂರಿಯದ ಅಂಟಿನ ಹಲಗೆಯನ್ನು ಉಪಯೋಗಿಸಬಾರದು. ಕೊಳ್ಳುವ ಮೊದಲು ಒಂದು ಸಣ್ಣ ತುಂಡನ್ನು ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು ಅದರ ದಪ್ಪ ಎಷ್ಟು ಉಬ್ಬಿತೆಂಬುದನ್ನು ನೋಡಿದರೆ ಹಲಗೆಯ ಯೋಗ್ಯತೆಯು ತಿಳಿದುಬರುವುದು.

ಮೇಲ್ಕಂಡ ವಿವರಗಳಿಂದ ತೊಗರಿ ಕಟ್ಟಿಗೆಗೆ ಸುಟ್ಟುಹಾಕುವುದಕ್ಕಿಂತ ಉತ್ತಮವಾದ ಗತಿಯಿದೆಯೆಂಬುದೂ, ಆ ಲಾಭವು ಯಂತ್ರಕ್ಕಿಂತ ಹೆಚ್ಚಾಗಿ ಕೊಯ್ಯುವ, ಒಣಗಿಸುವ, ಸಾಗಿಸುವ ಕ್ರಮವನ್ನು ಅವಲಂಬಿಸಿದೆಯೆಂಬುದೂ ಸ್ಪಷ್ಟವಾಗುವುದು. ಈ ವಿಷಯದಲ್ಲಿ ಆಸಕ್ತಿಯುಳ್ಳ ರೈತರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ ಬೀದರದ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ವಿಚಾರಿಸಬಹುದು. ಮುಂದಿನ ರಾಶಿಯ ಕಾಲಕ್ಕೆ ಪ್ರತಿಯೊಬ್ಬ ಬೇಸಾಯಗಾರನೂ ತನ್ನ ಹೊಲದ ಒಂದು ಎಕರೆಯ ಕಟ್ಟಿಗೆಯನ್ನು ಒಣಗಿಸಿ ತೂಗಿ, ಆ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕಾಗಿ ಸೂಚಿಸುತ್ತೇವೆ. ಸಂಘವಾಗಲಿ ಕಾರ್ಖಾನೆಯಾಗಲಿ ಪ್ರಾರಂಭವಾಗುವ ಮುನ್ನ ಊರಿನವರ ಕೈಯಲ್ಲಿ ಈ ಅಂಕಿಗಳು ಇರುವುದು ಅತ್ಯವಶ್ಯಕವಾಗಿದೆ.